ಆತಕೂರಿನ ಕಾಳಿ, ನಮ್ಮನೆ ಚಿಂಟು

ನಮ್ಮನೆಗೆ ಚಿಂಟು ಬಂದು ಐದು ತಿಂಗಳಾಯ್ತು. ತಾಯಿ ಬೀದಿನಾಯಿ, ಅಪ್ಪ ಪಕ್ಕದ ಬೀದಿಯ ಪಮೇರಿಯನ್. ಎತ್ತಿದರೆ ಮೂರು ಕೆಜಿ ತೂಗಲ್ಲ. ಮುದ್ದೆ ಹಾಕಿದರೆ ಮೂಸಿ ನೋಡಿ ತಿರುಗಿ ಕೂರುತ್ತಾನೆ. ಹಾಲಲ್ಲಿ ನೆನೆಸಿದ ಬಿಸ್ಕೆಟ್ಟೇ ಆಗಬೇಕು, ಅದನ್ನೂ ಅಮ್ಮನೇ ತಿನ್ನಿಸಬೇಕು. ಮಲಗೋದು ಅಜ್ಜಿಯ ಕಂಬಳಿ ಮೇಲೆ. ಕೋಳಿ ಕಂಡರೆ ಬೊಗಳುತ್ತಾನೆ, ಕೋಳಿ ತಿರುಗಿ ನಿಂತರೆ ಮಂಚದ ಕೆಳಗೆ ಓಟ. "ಹೆಸರಿಗೆ ನಾಯಿ, ಗತ್ತೆಲ್ಲಾ ಮನೆ ಅಳಿಯಂದು" ಅಂತ ಅಜ್ಜಿ ಬೈತಾರೆ. ಬೈದು, ಕಂಬಳಿ ಸರಿಸಿ ಜಾಗ ಬಿಡ್ತಾರೆ.

ಇವನನ್ನು ನೋಡಿದಾಗೆಲ್ಲ ನನಗೆ ಆತಕೂರಿನ ಕಲ್ಲು ನೆನಪಾಗುತ್ತೆ.

ಆತಕೂರು ಇರೋದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ. ಸುಮಾರು 950ನೇ ಇಸವಿಯಲ್ಲಿ ಅಲ್ಲಿ ಒಂದು ವೀರಗಲ್ಲು ನಿಂತಿತು. ಆಗ ಕರ್ನಾಟಕದ ದೊಡ್ಡ ದೊರೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಅಂದರೆ ಕನ್ನರದೇವ. ಗಂಗರ ಅರಸ ಇಮ್ಮಡಿ ಬೂತುಗ ಅವನಿಗೆ ಭಾವ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಇವರಿಗೂ ಚೋಳರಿಗೂ ಘೋರ ಯುದ್ಧವಾಗಿ, ಚೋಳ ರಾಜಾದಿತ್ಯ ಬೂತುಗನಿಂದ ಸತ್ತ. ಆ ಯುದ್ಧದಲ್ಲಿ ಬೂತುಗನ ಕಡೆ ಮಣಲೆರ ಅನ್ನೋ ವೀರ ಚೆನ್ನಾಗಿ ಕಾದಾಡಿದ. ಕನ್ನರದೇವ ಮೆಚ್ಚಿ, ಏನು ಬೇಕೋ ಕೇಳು ಅಂದ.

ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅರಸನ ಬೇಟೆನಾಯಿ, ಹೆಸರು ಕಾಳಿ.

ನಮ್ಮೂರಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಹೆಂಡತಿ ಮನೆಗೆ ಸೇರಿಸುತ್ತಿರಲಿಲ್ಲ! ಆದರೆ ಮಣಲೆರ ಅಷ್ಟೇನೂ ಪೆದ್ದನಲ್ಲ. ಬೂತುಗನಿಂದ ಅವನಿಗೆ ಆತಕೂರು ಸೀಮೆಯ ಹನ್ನೆರಡು ಹಳ್ಳಿ ಬೇರೆ ಸಿಕ್ಕಿದ್ದವು.

ಒಂದು ದಿನ ಕೆಳಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಾಡುಹಂದಿ ಹತ್ತಿರದಿಂದ ಕಂಡವರಿಗೆ ಇದು ಅರ್ಥವಾಗುತ್ತೆ. ಅದರ ಕೋರೆ ಹೊಟ್ಟೆಗೆ ತಾಗಿದರೆ ನಾಯಿ ಉಳಿಯೋದು ಕಷ್ಟ.

ಮಣಲೆರ ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನೆಡಿಸಿದ. ಅದರಲ್ಲಿ ನಾಯಿ ಮತ್ತು ಹಂದಿ ಕಾದಾಡೋ ಚಿತ್ರ ಕೆತ್ತಿಸಿದ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳೋ ಗೊರವ ದಿನಾ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಸುತ್ತಿಕೊಳ್ಳುತ್ತೆ ಅಂತಲೂ ಬರೆಸಿದ. ಕೆರೆ ನೀರು ಹರಿಯೋ ಗದ್ದೆ, ಒಂದು ನಾಯಿಯ ಹೆಸರಲ್ಲಿ!

ತಕ್ಕೋಲದ ಯುದ್ಧದ ಬಗ್ಗೆ ಬರೆಯೋ ಇತಿಹಾಸಕಾರರು ಇವತ್ತಿಗೂ ಈ ಕಲ್ಲಿನ ಹತ್ತಿರ ಬರಲೇಬೇಕು. ಚೋಳ ರಾಜಕುಮಾರನ ಸಾವಿನ ಸುದ್ದಿ ನಮಗೆ ಉಳಿದಿದ್ದರಲ್ಲಿ ನಾಯಿಯ ಕಲ್ಲಿನ ಪಾಲೂ ಇದೆ. ಕಾಳಿ ಯಾವ ತಳಿಯದು ಅಂತ ಮಾತ್ರ ಕಲ್ಲು ಹೇಳಲ್ಲ. ತಳಿ ನೋಡಿ ಮರ್ಯಾದೆ ಕೊಡೋದು ಈಗಿನ ನಮ್ಮ ಅಭ್ಯಾಸ. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ಸಂತೋಷವೇ. ಬೆರಕೆ ನಾಯಿಗೆ ಯಾರು ತರ್ತಾರೆ?

ಕಲ್ಲು ಈಗ ಆತಕೂರಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ನೋಡಲು ಹೋದ ದಿನ ಶಾಲೆ ಮಕ್ಕಳ ಸಾಲೊಂದು ಅದರ ಮುಂದೆ ನಿಲ್ಲದೆ ಹಾದುಹೋಯ್ತು. ನಾನು ನಿಂತೆ. ನನಗೆ ಕೆಂಚ ನೆನಪಾಗಿದ್ದ.

ಚಿಂಟುಗಿಂತ ಮುಂಚೆ ನಮ್ಮನೇಲಿ ಇದ್ದವನು ಕೆಂಚ. ಅವನೂ ಬೆರಕೆಯೇ. ಒಂಬತ್ತು ವರ್ಷ ಮುದ್ದೆ ತಿಂದ, ಜಗುಲಿ ಮೇಲೆ ಮಲಗಿದ, ಒಮ್ಮೆಯೂ ಒಳಗೆ ಬರಲಿಲ್ಲ. ನಾವು ಬಿಡಲೂ ಇಲ್ಲ. ಒಂದು ರಾತ್ರಿ ಕಬ್ಬಿನ ಗದ್ದೆಗೆ ನುಗ್ಗಿದ ಹಂದಿಗಳನ್ನು ಅಟ್ಟಿಕೊಂಡು ಹೋದವನು ಬೆಳಗ್ಗೆ ಬದುವಿನ ಮೇಲೆ ಬಿದ್ದಿದ್ದ. ಅಪ್ಪ ಅಲ್ಲೇ ಗುಂಡಿ ತೋಡಿದರು. ಆಮೇಲೆ ಕಬ್ಬು ಕಟಾವಿಗೆ ಬಂತು, ಟ್ರ್ಯಾಕ್ಟರ್ ಓಡಾಡಿತು, ಬದು ಒಂದಷ್ಟು ಸರಿಯಿತು.

ಮ್ಯೂಸಿಯಂನಿಂದ ಬಂದ ರಾತ್ರಿ ಅಪ್ಪನನ್ನು ಕೇಳಿದೆ, ಕೆಂಚನನ್ನು ಹೂತದ್ದು ಸರಿಯಾಗಿ ಎಲ್ಲಿ ಅಂತ. ಬೇವಿನಮರದ ಆಚೆ ಅಂದರು. ಈಚೆ ಅಂತ ನನ್ನ ನೆನಪು. ಅಜ್ಜಿ ಮಾತಾಡಲಿಲ್ಲ, ಚಿಂಟುಗೆ ಕಂಬಳಿ ಹೊದಿಸುತ್ತಿದ್ದರು.