ಅರಸನ ಊಟ, ಆಳಿನ ನಾಲಗೆ

ಸಿಂಹಾಸನವೇರಿದವನಿಗೆ ಶತ್ರುವಿನ ಕತ್ತಿಗಿಂತ ಸ್ವಂತ ಅಡಿಗೆಮನೆಯ ಭಯವೇ ಹೆಚ್ಚಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಇದಕ್ಕೆಂದೇ ನಿಯಮಗಳನ್ನು ವಿಧಿಸಿದ್ದಾನೆ. (ಬಹುಕಾಲ ಹೆಸರಷ್ಟೇ ಉಳಿದಿದ್ದ ಆ ಗ್ರಂಥವನ್ನು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕಿತ್ತವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.) ಅಡಿಗೆಯವನು ಎಲ್ಲವನ್ನೂ ರುಚಿ ನೋಡಿಯೇ ಅಣಿಮಾಡಬೇಕು, ಅರಸನು ಮೊದಲು ಅಗ್ನಿಗೂ ಹಕ್ಕಿಗಳಿಗೂ ಹಾಕಿ, ಅನಂತರ ಉಣ್ಣಬೇಕು, ಜ್ವಾಲೆ ನೀಲಿಗಟ್ಟಿ ಚಟಪಟಗುಟ್ಟಿದರೆ ವಿಷವೆಂದು ತಿಳಿಯಬೇಕು. ಔಷಧವನ್ನೂ ವೈದ್ಯನು ತಾನು ರುಚಿ ನೋಡಿಯೇ ಕೊಡತಕ್ಕದ್ದು.

ಇಷ್ಟೆಲ್ಲ ಕಾವಲಿದ್ದರೂ ವಿಷ ನುಸುಳಲು ಒಂದು ಸಂದು ಉಳಿದೇ ಇತ್ತು. ಅದು ಪಾತ್ರೆಗೂ ತಟ್ಟೆಗೂ ನಡುವಣ ಸಂದು. 1526ರ ಡಿಸೆಂಬರಿನಲ್ಲಿ ಆಗ್ರಾದಲ್ಲಿ ತನಗೊದಗಿದ ಗಂಡಾಂತರವನ್ನು ಬಾಬರನೇ ಬರೆದಿಟ್ಟಿದ್ದಾನೆ. ಪಾಣಿಪತ್ತಿನಲ್ಲಿ ಮಡಿದ ಇಬ್ರಾಹಿಂ ಲೋದಿಯ ತಾಯಿ ಕಳುಹಿಸಿದ ವಿಷದ ಪೊಟ್ಟಣವು ಅಹಮದನೆಂಬ ರುಚಿನೋಡುವವನ ಮೂಲಕವೇ ಬಾಬರನ ಅಡಿಗೆಯವನೊಬ್ಬನ ಕೈ ಸೇರಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು! ಅಡಿಗೆಯವನಿಗೆ ನಾಲ್ಕು ಪರಗಣೆಗಳ ಆಸೆ ತೋರಿಸಲಾಗಿತ್ತು. ಆದರೆ ಬೇಯುವ ಪಾತ್ರೆಗೆ ಅದನ್ನು ಹಾಕುವಂತಿರಲಿಲ್ಲ. ಅದರಿಂದ ಅಡಿಗೆಯವರಿಗೇ ತಿನ್ನಿಸಿ ನೋಡಬೇಕೆಂದು ಬಾಬರನ ಕಟ್ಟಪ್ಪಣೆಯಿತ್ತು. ಬಡಿಸುವ ಹೊತ್ತಿಗೆ ಕಾವಲಿನವರು ಮೈಮರೆತರು. ತಟ್ಟೆಯಲ್ಲಿಟ್ಟ ರೊಟ್ಟಿಯ ಮೇಲೆ ಒಂದಿಷ್ಟು ಪುಡಿ ಬಿತ್ತು. ಮಿಕ್ಕದ್ದನ್ನು ಅವನು ಅವಸರದಲ್ಲಿ ಒಲೆಗೆಸೆದನಂತೆ. ಆ ಅವಸರವೇ ಬಾಬರನ ಪ್ರಾಣ ಉಳಿಸಿತೆನ್ನಬೇಕು. ವಾಂತಿಯಾಗಿ ಬದುಕಿದ ಅವನು ಅಡಿಗೆಯವನ ಚರ್ಮ ಸುಲಿಸಿದನು. ರುಚಿನೋಡುವವನನ್ನು ತುಂಡುತುಂಡಾಗಿ ಕಡಿಸಿದನು.

ಅಹಮದನ ಹೆಸರು ಉಳಿದದ್ದು ದ್ರೋಹದಿಂದ. ದಿನವೂ ಮೊದಲ ತುತ್ತನ್ನುಂಡು ನಿಷ್ಠೆಯಿಂದ ನಡೆದುಕೊಂಡ ಸಾವಿರಾರು ಆಳುಗಳ ಹೆಸರನ್ನು ಬರೆದಿಡುವ ಗೋಜಿಗೆ ಯಾರು ಹೋದಾರು?

ಅರಸೊತ್ತಿಗೆಗಳು ಹೋದರೂ ಈ ಕೆಲಸ ಮಾತ್ರ ಹೋಗಿಲ್ಲ. ಶಾಲೆಗಳ ಬಿಸಿಯೂಟವನ್ನು ಬಡಿಸುವ ಮೊದಲು ಶಿಕ್ಷಕರೊಬ್ಬರೂ ಸೇರಿದಂತೆ ದೊಡ್ಡವರು ರುಚಿ ನೋಡತಕ್ಕದ್ದೆಂದು ಇಂದು ನಮ್ಮ ದೇಶದಲ್ಲಿ ನಿಯಮವುಂಟು. ಅರಸನಿಗಾಗಿ ಆಳು ಉಣ್ಣುತ್ತಿದ್ದ ಕಾಲದಿಂದ ಕೂಲಿಕಾರರ ಮಕ್ಕಳಿಗಾಗಿ ಮೇಷ್ಟರು ಉಣ್ಣುವ ಕಾಲಕ್ಕೆ ಬಂದಿದ್ದೇವೆ. ನಿಯಮದ ಬೆಲೆ ತಿಳಿದದ್ದು ಮಾತ್ರ ಘೋರ ರೀತಿಯಲ್ಲಿ. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಅಸುನೀಗಿದರು. ಅಡಿಗೆ ಮಾಡಿದ ಹೆಂಗಸೂ ಅದನ್ನೇ ತಿಂದು ಆಸ್ಪತ್ರೆ ಸೇರಿದ್ದಳು.