ಗಾಜಿನಾಚೆಯ ಮುಖ

ಕಳೆದ ತಿಂಗಳು ಬನಶಂಕರಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ನನ್ನ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾದಿಂದ ತೊಟ್ಟಿಯ ಮೀನುಗಳ ಚಿತ್ರ ತೆಗೆಯುತ್ತಿದ್ದಳು. ಪ್ರತಿಯೊಂದು ಚಿತ್ರದಲ್ಲಿಯೂ ಮೀನಿನ ಬದಲು ಬಿಳಿಯ ಬೆಳಕಿನ ಉಂಡೆಯೊಂದು ಕುಳಿತಿತ್ತು. "ತಾತ, ಕ್ಯಾಮೆರಾ ಕೆಟ್ಟಿದೆ" ಎಂದಳು. ಕೆಟ್ಟಿದ್ದುದು ಕ್ಯಾಮೆರಾ ಅಲ್ಲವೆಂದು ನನಗೆ ಗೊತ್ತಿತ್ತು. ಆ ಬಿಳಿಯ ಉಂಡೆಯನ್ನು ನಾನು ಮೊದಲು ಕಂಡದ್ದು 1988ರಲ್ಲಿ. ನಿಮ್ಮಲ್ಲಿ ಕೆಲವರಿಗೆ ಆ ವರ್ಷ ನೆನಪಿದ್ದೀತು.

ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರದ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ. ಸಮುದ್ರವೇ ಇಲ್ಲದ ನಮ್ಮ ಊರಿನ ಮಕ್ಕಳಿಗೆ ಅದೊಂದು ಸೋಜಿಗವಾಗಿತ್ತು. ಜಯನಗರದ ನಮ್ಮ ಶಾಲೆಯಿಂದ ಒಂಬತ್ತನೆಯ ತರಗತಿಯವರನ್ನು ಅಲ್ಲಿಗೂ, ಅದೇ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ದಿದ್ದೆವು. ಮರಳಿದ ಮೇಲೆ ಮಕ್ಕಳದು ಒಂದೇ ಹಟ: ನಮ್ಮ ಪ್ರಯೋಗಶಾಲೆಯಲ್ಲಿಯೂ ಮೀನಿನ ತೊಟ್ಟಿ ಬೇಕು. ಚಂದಾ ಎತ್ತಿ ಒಂದು ಗಾಜಿನ ತೊಟ್ಟಿ ತಂದು, ಅದರಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟೆವು. ಗಪ್ಪಿ ಎಂಬ ಹೆಸರು ಬಂದದ್ದು ಟ್ರಿನಿಡಾಡ್ ದ್ವೀಪದ ಲೆಚ್ಮಿಯರ್ ಗಪ್ಪಿ ಎಂಬವರಿಂದ. ಅವರು ಅಲ್ಲಿ ಶಾಲಾ ಇನ್ಸ್‌ಪೆಕ್ಟರರಾಗಿದ್ದರು. ಇದನ್ನು ಹೇಳಿದಾಗ ಇನ್ಸ್‌ಪೆಕ್ಟರರೇ ತೊಟ್ಟಿಯಲ್ಲಿದ್ದಾರೆಂದು ತರಗತಿಯೆಲ್ಲ ನಕ್ಕಿತ್ತು.

ಆ ತೊಟ್ಟಿಯ ನೀರು ಬದಲಿಸುವ ಹೊಣೆಯನ್ನು ತಾನಾಗಿ ಹೊತ್ತವನು ಹಿಂದಿನ ಬೆಂಚಿನ ಒಬ್ಬ ಮೌನಿ ಹುಡುಗ. ವರ್ಷದ ಕೊನೆಯಲ್ಲಿ ಸಹೋದ್ಯೋಗಿಯೊಬ್ಬರಿಂದ ಕ್ಯಾಮೆರಾ ಕೇಳಿ ಪಡೆದು, ಅವನನ್ನು ತೊಟ್ಟಿಯ ಆಚೆ ಬದಿಯಲ್ಲಿ ಕೂರಿಸಿ, ಈಚೆ ಬದಿಯಿಂದ, ಮೀನುಗಳ ನಡುವೆ ಅವನ ನಗುಮುಖ ಕಾಣುವಂತೆ ಚಿತ್ರ ತೆಗೆದೆ. ಮೂವತ್ತಾರು ಚಿತ್ರಗಳ ಸುರುಳಿ ಮುಗಿಯುವವರೆಗೆ ಕಾದು, ತೊಳೆಸಿ ತರುವ ವೇಳೆಗೆ ಬೇಸಿಗೆ ರಜೆ ಬಂದಿತ್ತು. ಚಿತ್ರದಲ್ಲಿ ಮೀನುಗಳಿದ್ದವು, ಅವನ ಎರಡು ಕೈಗಳಿದ್ದವು; ಮುಖವಿರಬೇಕಾದ ಜಾಗದಲ್ಲಿ ಬೆಳಕಿನ ಉಂಡೆಯಿತ್ತು. ಪತನಕೋನವು ಪ್ರತಿಫಲನಕೋನಕ್ಕೆ ಸಮವೆಂದು ಅದೇ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದವನು ನಾನೇ!

ಗಾಜಿನ ಒಂದು ಮೇಲ್ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ಹಿಂದಿರುಗಿಸುತ್ತದೆ. ಅಲ್ಪವೆನಿಸಿದರೂ, ಫ್ಲಾಶ್‌ನ ಪ್ರಖರ ಬೆಳಕಿನಲ್ಲಿ ಆ ಅಲ್ಪವೇ ನೀರಿನಾಚೆಯ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಫ್ಲಾಶ್ ಮಸೂರದ ಪಕ್ಕದಲ್ಲಿದ್ದು, ಕ್ಯಾಮೆರಾ ಗಾಜಿಗೆ ನೇರವಾಗಿದ್ದರೆ ಅದು ಮರಳುವುದು ಮಸೂರಕ್ಕೇ.

ಈ ತೊಡಕು ನನ್ನೊಬ್ಬನದಲ್ಲ. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹ ತೆರೆದದ್ದು 1853ರಲ್ಲಿ. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ 'ಅಕ್ವೇರಿಯಂ' ಎಂಬ ಪದವನ್ನೇ ಶೀರ್ಷಿಕೆಯಾಗಿಸಿ ಪುಸ್ತಕ ಬರೆದರು. ಛಾಯಾಗ್ರಹಣವೂ ಆಗ ಎಳೆಯ ಪ್ರಾಯದ್ದು. ಆದರೆ ನೀರಿನೊಳಗಣ ಜೀವವನ್ನು ಹಿಡಿಯಲು ಬೇಕಾದ ಬೆಳಕು ಮಾತ್ರ ಸುಲಭವಾಗಿ ದಕ್ಕಲಿಲ್ಲ. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ಸಮುದ್ರಕ್ಕಿಳಿದು ಚಿತ್ರ ತೆಗೆದಾಗ ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ದೀಪವಿರಿಸಿ, ಅದರ ಜ್ವಾಲೆಗೆ ಮೆಗ್ನೀಸಿಯಂ ಪುಡಿಯನ್ನು ಊದುವ ಸಾಧನವನ್ನೇ ಕಟ್ಟಿಸಬೇಕಾಯಿತು. 1926ರಲ್ಲಿ ಅಮೆರಿಕದ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ನೀರೊಳಗಿನ ಮೀನಿನ ಮೊದಲ ವರ್ಣಚಿತ್ರ ತೆಗೆದರು. ಅವರ ಮೆಗ್ನೀಸಿಯಂ ಉರಿದದ್ದು ನೀರಿನ ಮೇಲೆ ತೇಲುವ ತೆಪ್ಪದಲ್ಲಿ. ಗಮನಿಸಿ: ಇಬ್ಬರ ಬೆಳಕೂ ಕ್ಯಾಮೆರಾದ ಹಣೆಯ ಮೇಲಿರಲಿಲ್ಲ. ಒಬ್ಬರು ಪಕ್ಕದಲ್ಲಿಟ್ಟರು, ಇನ್ನೊಬ್ಬರು ಮೇಲಿಟ್ಟರು. ಮುಂದೆ ಕ್ಯಾಮೆರಾದೊಳಗೇ ಫ್ಲಾಶ್ ಅಡಕವಾಗಿ ಬಂದಾಗ ಅನುಕೂಲವೇನೋ ಆಯಿತು, ಈ ವಿವೇಕ ಮರೆತುಹೋಯಿತು.

ಮೊಮ್ಮಗಳಿಗೆ ನಾನು ಹೇಳಿಕೊಟ್ಟದ್ದೂ ಇಷ್ಟೇ. ಮೊದಲು ಫ್ಲಾಶ್ ಆರಿಸು. ಕೋಣೆಯ ದೀಪಗಳನ್ನೂ ಆರಿಸಿ ಪರದೆ ಎಳೆ. ತೊಟ್ಟಿಯ ಮೇಲಿನ ದೀಪವೊಂದೇ ಉರಿಯಲಿ. ಗಾಜನ್ನು ಒಳಗೂ ಹೊರಗೂ ಒರೆಸು. ಹೂವಿನ ಗುರುತಿನ ಸಮೀಪಚಿತ್ರದ ವ್ಯವಸ್ಥೆಗೆ ತಿರುಗಿಸಿ, ಮಸೂರದ ಅಂಚನ್ನು ಗಾಜಿಗೆ ಮೆಲ್ಲನೆ ತಾಗಿಸು. ಆಗ ಹೊರಗಿನ ಪ್ರತಿಬಿಂಬಕ್ಕೆ ಎಡೆಯೇ ಇರದು. ಓರೆಯಾಗಿ ಹಿಡಿಯಬೇಡ, ನೀರು ಮತ್ತು ಗಾಜು ಬೆಳಕನ್ನು ಬಾಗಿಸುವುದರಿಂದ ಚಿತ್ರ ಮಸುಕಾಗುತ್ತದೆ. ಐಎಸ್‌ಒ ಸಂಖ್ಯೆಯನ್ನು 400ಕ್ಕೆ ಏರಿಸು. ತುಸು ಕಾಳು ಕಾಳಾದರೂ ಮೀನು ಮೀನಾಗಿಯೇ ಕಾಣುತ್ತದೆ. ಇಂಥ ಕ್ಯಾಮೆರಾ ಗುಂಡಿ ಒತ್ತಿದ ಮೇಲೆ ಕ್ಷಣಕಾಲ ತಡೆದು ಚಿತ್ರ ಹಿಡಿಯುತ್ತದೆ. ಆದ್ದರಿಂದ ಮೀನಿನ ಬೆನ್ನು ಹತ್ತಬೇಡ. ಅದು ಮತ್ತೆ ಮತ್ತೆ ಹಾಯುವ ಜಾಗವನ್ನು ಗುರುತಿಸಿ, ಅಷ್ಟೇ ದೂರದ ಎಲೆಯೊಂದರ ಮೇಲೆ ಗುಂಡಿಯನ್ನು ಅರ್ಧ ಒತ್ತಿ ಕಾದಿರು. ಇಪ್ಪತ್ತು ಚಿತ್ರ ತೆಗೆ, ಹತ್ತೊಂಬತ್ತನ್ನು ಅಳಿಸು.

ಅವಳು ತೆಗೆದ ಹನ್ನೆರಡನೆಯ ಚಿತ್ರದಲ್ಲಿ ಗಪ್ಪಿಯ ಬಾಲದ ಗೆರೆಗಳೂ ಎಣಿಸಲು ಸಿಕ್ಕವು.

1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಈಗಿನ ಅತ್ಯಂತ ಅಗ್ಗದ ಕ್ಯಾಮೆರಾವೂ ತಪ್ಪನ್ನು ಆ ಕ್ಷಣದಲ್ಲೇ ತೋರಿಸುತ್ತದೆ, ಮತ್ತೆ ತೆಗೆಯಲು ಬಿಡುತ್ತದೆ. ಡಿಜಿಟಲ್ ಯುಗದ ನಿಜವಾದ ಕೊಡುಗೆ ಇದೇ ಎಂದು ನನ್ನ ಭಾವನೆ. ನನಗೆ 1988ರಲ್ಲಿ ಆ ಅವಕಾಶವಿರಲಿಲ್ಲ. ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಆ ಹುಡುಗ ಬರಲಿಲ್ಲ, ಜ್ವರದಿಂದ ತೀರಿಕೊಂಡಿದ್ದ. ಕೆಲವು ದಿನಗಳ ಮೇಲೆ ಅವನ ತಾಯಿ ಬಂದು, "ಮೀನಿನ ಜೊತೆ ಫೋಟೋ ತೆಗೆದಿದ್ದೀರಂತೆ, ಒಂದು ಕೊಡಿ ಮೇಷ್ಟ್ರೇ" ಎಂದು ಕೇಳಿದರು. ಕೊಟ್ಟೆ. ಅವರು ಬಹಳ ಹೊತ್ತು ನೋಡಿ, "ಕೈ ಅವನದೇ" ಎಂದರು. ಹಿಂದಿರುಗಿಸದೆ ಸೆರಗಿನಲ್ಲಿಟ್ಟುಕೊಂಡು ಹೋದರು.

ಆ ವರ್ಷ ನನ್ನ ತರಗತಿಯಲ್ಲಿದ್ದವರೇ, ಮತ್ಸ್ಯಾಲಯದ ಪ್ರವಾಸದ ದಿನ ನಿಮ್ಮಲ್ಲಿಯೂ ಒಬ್ಬಿಬ್ಬರ ಬಳಿ ಕ್ಯಾಮೆರಾ ಇದ್ದುದು ನನಗೆ ನೆನಪಿದೆ. ಹಳೆಯ ಆಲ್ಬಮ್ಮುಗಳನ್ನು ಒಮ್ಮೆ ತೆರೆದು ನೋಡಿ. ಯಾರ ಹೆಸರನ್ನು ನಾನು ಇಲ್ಲಿ ಬರೆಯಲಿಲ್ಲವೆಂದು ನಿಮಗೆ ತಿಳಿದೇ ಇದೆ. ಅವನ ಮುಖ ಕಾಣುವ ಒಂದು ಚಿತ್ರ ದೊರೆತರೂ ನನಗೆ ತಿಳಿಸಿ. ಅವನ ತಂಗಿ ಈಗಲೂ ಜಯನಗರದಲ್ಲಿಯೇ ಇದ್ದಾರೆ. ನಾನೇ ಹೋಗಿ ಕೊಟ್ಟು ಬರುತ್ತೇನೆ.