ಮಾವನ ಮನೆಯ ದಾರಿಯಲ್ಲೊಂದು ಮುಳುಗಡೆ

ತುಮಕೂರು, ಶಿವಮೊಗ್ಗ, ಸಾಗರ.. ಈ ಮೂರೂ ಊರಲ್ಲಿ ಬಿ.ಎಚ್. ರಸ್ತೆ ಅಂತ ಒಂದು ಇದೆ. ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ. ಹೋದ ತಿಂಗಳು ಒಂದು ಶನಿವಾರ ಇದೇ ರಸ್ತೆ ಹಿಡಿದು, ಸಾಗರದಾಚೆ ತುಮರಿ ಕಡೆ ಇರುವ ಸೋದರಮಾವನ ಮನೆಗೆ ಹೋಗಿದ್ವಿ. ಕಾರಲ್ಲಿ ನಾನು, ಹೆಂಡತಿ, ಅಮ್ಮ, ಮೂರು ವರ್ಷದ ಮಗಳು, ಅಕ್ಕನ ಆರು ವರ್ಷದ ಮಗ. ತಿಪಟೂರಿಗೆ ಮೊದಲೇ ಒಂದು ವಾಂತಿ, ಅರಸೀಕೆರೆ ಹೊತ್ತಿಗೆ ಕಿಟಕಿ ಸೀಟಿನ ಜಗಳ, ಆಮೇಲೆ ಶಿವಮೊಗ್ಗದ ತನಕ "ಇನ್ನೆಷ್ಟು ದೂರ" ಅನ್ನೋ ಪಲ್ಲವಿ. ಮಕ್ಕಳನ್ನ ಕಟ್ಟಿಕೊಂಡು ಹೋದವರಿಗೆ ಹೆಚ್ಚು ವಿವರಿಸಬೇಕಿಲ್ಲ ಬಿಡಿ :)

ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಬಂದರೆ ಎದುರಿಗೆ ಶರಾವತಿಯ ಹಿನ್ನೀರು. ನಾನು ಚಿಕ್ಕವನಿದ್ದಾಗ ಇಲ್ಲಿ ಲಾಂಚಿಗೆ ಕಾಯಬೇಕಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಬಾಣಂತಿ, ಎಲ್ಲಾ ಅದರಲ್ಲೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಆಗ ಹೊಸನಗರ, ನಿಟ್ಟೂರು ಸುತ್ತಿಕೊಂಡು ಬರಬೇಕು. 2018ರಲ್ಲಿ ಶಂಕುಸ್ಥಾಪನೆಯಾದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯ್ತು. ಸುಮಾರು ಎರಡೂವರೆ ಕಿ.ಮೀ. ಉದ್ದ. ನಾವು ಐದು ನಿಮಿಷದೊಳಗೆ ದಾಟಿದ್ವಿ.

ಸೇತುವೆ ಮೇಲೆ ಅಳಿಯ ಕೇಳಿದ, "ಅಜ್ಜಿ, ನೀರಿನ ಕೆಳಗೆ ಏನಿದೆ?" ಅಮ್ಮ ತಣ್ಣಗೆ ಹೇಳಿದರು, "ನಮ್ಮಪ್ಪನ ಗದ್ದೆ ಇದೆ."

ಅಲ್ಲಿಂದ ಶುರುವಾಯ್ತು ನನ್ನ ತಲೆಯಲ್ಲಿ ಲೆಕ್ಕ. ಶರಾವತಿಗೆ ಮೊದಲು ಕಟ್ಟಿದ ದೊಡ್ಡ ಅಣೆಕಟ್ಟು ಲಿಂಗನಮಕ್ಕಿ ಅಲ್ಲ, ಮಡೆನೂರಿನ ಹಿರೇಭಾಸ್ಕರ. ಜೋಗದ ವಿದ್ಯುದಾಗಾರಕ್ಕೆ ನೀರು ಕೊಡಲು ಅದನ್ನ ಕಟ್ಟಿದ್ದು. ಜೋಗದಲ್ಲಿ ಕರೆಂಟ್ ಹುಟ್ಟಿದ್ದು 1948ರಲ್ಲಿ. ಅದು ಸಾಲದೆ ಬಂದದ್ದು ಲಿಂಗನಮಕ್ಕಿ, 1964ರಲ್ಲಿ. ಇದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಈ ಹೊಸ ನೀರು ಊರುಗಳ ಜೊತೆಗೆ ಹಳೇ ಅಣೆಕಟ್ಟನ್ನೂ ನುಂಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿರೇಭಾಸ್ಕರ ಮೇಲೆದ್ದು ನಿಲ್ಲುತ್ತೆ, ಜನ ನೋಡಲು ಹೋಗ್ತಾರೆ. ಲಿಂಗನಮಕ್ಕಿಯ ನೀರು ತಳಕಳಲೆ ಮೂಲಕ ಇಳಿದು ಹತ್ತು ಯಂತ್ರಗಳನ್ನ ತಿರುಗಿಸುತ್ತೆ, ಒಟ್ಟು 1035 ಮೆಗಾವ್ಯಾಟ್. ಬೆಂಗಳೂರಲ್ಲಿ ಕೂತು ನಾನು ಕೋಡ್ ಬರೆಯೋ ಕಂಪ್ಯೂಟರಿಗೂ ಅದರಲ್ಲಿ ಒಂದು ಚೂರು ಬರ್ತಿರಬಹುದು. ಮಾವನ ಮನೆಗೆ ಕರೆಂಟ್ ಬಂದದ್ದು ಮಾತ್ರ ಅಮ್ಮನ ಮದುವೆಯೆಲ್ಲ ಆದ ಮೇಲೆ!

ಅಜ್ಜ ಉಳುತ್ತಿದ್ದ ಗದ್ದೆ ಅಜ್ಜನದಾಗಿರಲಿಲ್ಲ, ಅವರು ಗೇಣಿದಾರರು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ, ಗೇಣಿ ಭತ್ತ ಅಳೆಯುವ ಕೊಳಗ ಯಾವುದು ಅನ್ನೋ ಜಗಳದಿಂದ ದೊಡ್ಡ ಸತ್ಯಾಗ್ರಹವೇ ಎದ್ದಿತ್ತು. ಎಚ್. ಗಣಪತಿಯಪ್ಪ ರೈತರನ್ನ ಸಂಘಟಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಅನ್ನೋ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಇಲ್ಲಿ ಒಂದು ನಿಮಿಷ ನಿಲ್ಲಿ. ಗದ್ದೆ ಮುಳುಗಿದ್ದು 1964ರಲ್ಲಿ, ಗದ್ದೆ ಕೊಡುವ ಕಾನೂನು ಬಂದದ್ದು ಹತ್ತು ವರ್ಷ ಬಿಟ್ಟು. ಹೊಳೆಯಿಂದ ದೂರ ಇದ್ದ ಗೇಣಿದಾರ ಅರ್ಜಿ ಹಾಕಿ ಒಡೆಯನಾದ. ಅಜ್ಜ ಅರ್ಜಿ ಹಾಕೋಣ ಅಂದ್ರೆ ಸರ್ವೆ ನಂಬರ್ ನೀರಿನೊಳಗಿತ್ತು. ಪರಿಹಾರದ ದುಡ್ಡು ಕಾಗದದಲ್ಲಿ ಹೆಸರಿದ್ದವರಿಗೆ ಹೋಗಿತ್ತು.

ಆಗ ಮಾವ ಏಳೆಂಟು ವರ್ಷದ ಹುಡುಗ. ಕಾಡಿನ ಅಂಚಲ್ಲಿ ಒಂದು ಜಾಗ ತೋರಿಸಿ "ಇಲ್ಲಿರಿ" ಅಂದರಂತೆ. ಅಜ್ಜ ಕಡಿದು, ಅಗೆದು, ಅಡಿಕೆ ಹಾಕಿದರು. ಆದರೆ ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯಭೂಮಿಯನ್ನ ಬೇರೆ ಬಳಕೆಗೆ ಬಿಡಬೇಕಾದ್ರೆ ಕೇಂದ್ರದ ಒಪ್ಪಿಗೆ ಬೇಕಾಯ್ತು. ಮೊದಲ ಹದಿನಾರು ವರ್ಷದಲ್ಲಿ ಆಗದ ಕೆಲಸ ಆಮೇಲೆ ಇನ್ನೂ ಕಷ್ಟವಾಯ್ತು. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳ ಸ್ಥಿತಿ ಇದೇ. ಪಹಣಿ ಇಲ್ಲ, ಹಾಗಾಗಿ ಬ್ಯಾಂಕ್ ಸಾಲ ಇಲ್ಲ. ಪ್ರತಿ ಚುನಾವಣೆಯಲ್ಲೂ ಭರವಸೆ ಮಾತ್ರ ಇದೆ.

ನಾ. ಡಿಸೋಜರ 'ದ್ವೀಪ' ಓದಿದವರಿಗೆ, ಗಿರೀಶ್ ಕಾಸರವಳ್ಳಿ ಅದನ್ನ 2002ರಲ್ಲಿ ಸಿನೆಮಾ ಮಾಡಿದ್ದನ್ನ ನೋಡಿದವರಿಗೆ ಮುಳುಗಡೆಯ ನೋವು ಹೊಸದಲ್ಲ. ನನಗೆ ಕಾಡಿದ್ದು ಅದರ ಉದ್ದ. ರಾತ್ರಿ ಊಟ ಆದ ಮೇಲೆ ಮಾವ ಒಂದು ಹಳೇ ಟ್ರಂಕು ತೆಗೆದು ಅರ್ಜಿಗಳ ನಕಲು ತೋರಿಸಿದರು. ಮೊದಲಿನವು ಅಜ್ಜನ ಹೆಬ್ಬೆಟ್ಟು, ಆಮೇಲಿನವು ಮಾವನ ಸಹಿ. "ಇನ್ನು ಮುಂದಿನದ್ದು ಕಂಪ್ಯೂಟರಲ್ಲಿ ನೀನೇ ಬರಿ ಮಾರಾಯ, ನಂಗೆ ಕಣ್ಣು ಕಾಣೂದಿಲ್ಲ" ಅಂದರು.

ಸೇತುವೆಗೆ ಅವರು ಖುಷಿಯಾಗಿದ್ದಾರೆ, ನಿಜ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಸಾಗರದ ಆಸ್ಪತ್ರೆ ಮುಟ್ಟಬಹುದು, ಅದು ಸಣ್ಣ ಮಾತಲ್ಲ. ಆದರೆ ರಸ್ತೆ ಕೂಡಿಸಲು ಅರವತ್ತು ವರ್ಷ ಹಿಡಿದ ಈ ನಾಡಿಗೆ, ಒಂದು ಪಹಣಿಯಲ್ಲಿ ಹೆಸರು ಕೂಡಿಸಲು ಇನ್ನೆಷ್ಟು ಬೇಕು? ಅರ್ಜಿಯ ಹಳೇ ಪ್ರತಿಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಂಡು ಬಂದಿದ್ದೀನಿ. ಈ ಶನಿವಾರ ಹೊಸದನ್ನ ಬರೆಯಲು ಕೂರಬೇಕು.